ರಿಪೇರಿ ಪಟ್ಟಿ

ಶಾಲೆಯ ಆಫೀಸು ಕೋಣೆ,
ಶನಿವಾರ, ಹನ್ನೊಂದನೇ ತಾರೀಕು

ಶಾಲಾ ಮಂಡಳಿಯ ಸನ್ಮಾನ್ಯ ಸದಸ್ಯೆಯೂ ನನ್ನ ಬೆನ್ನಿಗೆ ಹುಟ್ಟಿದ ತಂಗಿಯೂ ಆದವಳಿಗೆ,

ಅಕ್ಕನ ಆಶೀರ್ವಾದ. ಕ್ಷೇಮವೇ ಎಂದು ಕೇಳುವುದಿಲ್ಲ. ಕ್ಷೇಮವಾಗಿಯೇ ಇರುತ್ತೀಯ. ಶಾಲೆ ಮುಚ್ಚಿ ಮನೆಗೆ ಹೋದವರಿಗೆ ಊಟ ಚೆನ್ನಾಗಿ ಸೇರುತ್ತದಂತೆ.

ಶಾಲೆ ಮುಚ್ಚಲು ಐದು ಕೈ ಮೇಲೆ, ನಾಲ್ಕು ಕೆಳಗೆ. ಆ ಐದರಲ್ಲಿ ಒಂದು ನಿನ್ನದು. ಎತ್ತುವ ಮುಂಚೆ ವಾಚು ಸರಿಮಾಡಿಕೊಂಡೆಯಲ್ಲ, ಅದೇ ಕೈಗೆ ಬಳಪ ಹಿಡಿಸಿದ್ದು ಇದೇ ಶಾಲೆಯ ಒಂದನೇ ತರಗತಿ. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ಕೈ ಎತ್ತುವ ಮೊದಲು ನನ್ನದೇ ರಿಪೇರಿ ಪಟ್ಟಿಯನ್ನು ಗಂಟಲು ಸರಿಪಡಿಸಿಕೊಂಡು ಓದಿದೆಯಲ್ಲೇ!

ಇಪ್ಪತ್ತೊಂದು ದೂರು. ಮೆಟ್ಟಿಲು ಸಡಿಲ, ಗೋಡೆ ಬಿರುಕು, ತೊಲೆಗೆ ಗೆದ್ದಲು. ಕೆಳಗೆ ಮುಖ್ಯೋಪಾಧ್ಯಾಯಿನಿ ಎಂದು ನನ್ನ ಸಹಿ. ಹತ್ತು ಕೇಳಿದರೆ ಎರಡು ಕೊಡುವವರು ನಿಮ್ಮ ಮಂಡಳಿಯವರು. ಅದಕ್ಕೇ ಒಂದಕ್ಕೆ ಹತ್ತು ಸೇರಿಸಿ ಬರೆಯುವುದು ಪ್ರತಿ ಶಾಲೆಯ ಪದ್ಧತಿ. ನಿಜವಾಗಿ ಕೆಟ್ಟಿದ್ದು ಒಂದು ನಲ್ಲಿ, ಎರಡು ಕಿಟಕಿ ಗಾಜು. ಹೋದ ವರ್ಷ ಅದನ್ನು ನಾನು ಬರೆಯುವಾಗ ನನ್ನ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಾ ಕೂತವಳು ಯಾರು? ತೊಲೆಗೆ ಗೆದ್ದಲು ಹಿಡ್ದಿದೆ ಅಂತ ಸೇರ್ಸಕ್ಕಾ, ಗೆದ್ದಲು ಅಂದ್ರೆ ಇವ್ರು ಹೆದ್ರುತಾರೆ ಅಂತ ಹೇಳಿಕೊಟ್ಟವಳು ಯಾರು? ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಸಭೆಯಲ್ಲಿ ಅದೇ ಸಾಲನ್ನು ಓದುವಾಗ ನಿನ್ನ ತುಟಿಯೂ ಅಲುಗಲಿಲ್ಲ.

ನನ್ನ ಪಕ್ಕದಲ್ಲಿ ದರ್ಜಿಯ ಹೆಂಡತಿ ಕೂತಿದ್ದಳು. ಅವಳ ಅವಳಿ ಮಕ್ಕಳು ಎರಡನೇ ತರಗತಿ. ಗೊತ್ತಿದ್ದೂ ಗೊತ್ತಿದ್ದೂ ನಮ್ ಮಕ್ಕಳನ್ನ ಅದ್ರ ಕೆಳಗೆ ಕೂರ್ಸಿದ್ರಾ ಟೀಚರ್ ಅಂತ ಕೇಳಿದಳು. ಭೂಮಿ ಬಾಯಿಬಿಡಬಾರದೇ ಅನಿಸಿತು. ನಿನಗೆ ಫೋನು ಮಾಡಿದರೆ, ಕಾಗದದಲ್ಲಿ ಇದ್ದಿದ್ದನ್ನ ಓದ್ದೆ ಅಷ್ಟೇ, ಸಹಿ ನಿಂದೇ ತಾನೇ ಅಕ್ಕಾ ಅಂತೀಯ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಐವತ್ತೆಂಟು ಮಕ್ಕಳು ಇನ್ನು ದೊಡ್ಡ ರಸ್ತೆ ದಾಟಿ ಆಚೆಯ ಶಾಲೆಗೆ ಹೋಗಬೇಕು. ಮಕ್ಕಳು ಗಂಟೆ ಮಾಮ ಅನ್ನುತ್ತಾರಲ್ಲ, ನಮ್ಮ ಜವಾನ, ಅವನು ಒಂದು ಬೆಳಿಗ್ಗೆ ಹೋಗಿ ಆ ಲಾರಿಗಳ ಮಧ್ಯೆ ದಾಟಿ ನೋಡಿ ಬಂದ. ನಂಗೇ ಹತ್ತು ನಿಮಿಷ ಹಿಡೀತು ಮೇಡಂ, ಆ ಪುಟಾಣಿಗಳು ಹೆಂಗೆ ದಾಟ್ತವೆ ಅಂದ. ಹೆತ್ತವರಿಗೆ ಹೆಗ್ಗಣ ಮುದ್ದು, ಅಕ್ಕನಿಗೆ ಅವಳ ಶಾಲೆ ಮುದ್ದು ಎಂದು ನೀನು ನಗಬಹುದು. ನಗು. ಲಾರಿಗೆ ಅದೆಲ್ಲ ಗೊತ್ತಾಗುವುದಿಲ್ಲ.

ಪೋಷಕರು ಮನವಿ ಕೊಟ್ಟಿದ್ದಕ್ಕೆ ನಿಮ್ಮ ಎಂಜಿನಿಯರು ಗುರುವಾರ ಬಂದ. ಕಟ್ಟಡ ಗಟ್ಟಿ ಇದೆ ಎಂದು ಅವನು ಬರೆದಿದ್ದರೆ ನಿಮ್ಮ ತೀರ್ಮಾನ ಮತ್ತೆ ಮಂಡಳಿಯ ಮುಂದೆ ಬರಲೇಬೇಕಿತ್ತು. ಬಂದ, ನೀರು ಕುಡಿದ, ಸೂರು ನೋಡಿದ, ಹೋದ. ಏಣಿ ಹತ್ತಲಿಲ್ಲ, ತೊಲೆಗೆ ಒಂದು ಬೆರಳು ಮುಟ್ಟಿಸಲಿಲ್ಲ. ಅಪಾಯಕಾರಿ ಎಂದು ಬರೆದುಕೊಟ್ಟ. ನೀವೂ ಸರಿ, ನಿಮ್ಮ ಎಂಜಿನಿಯರೂ ಸರಿ.

ಸೋಮವಾರ ಕೊನೆಯ ಸಭೆ. ಅದಾದ ಮೇಲೆ ಬೀಗ. ಎದ್ದು ನಿಂತು, ಆ ಗೆದ್ದಲಿನ ಮಾತು ಸುಳ್ಳು, ಅದನ್ನು ಹೇಳಿಕೊಟ್ಟವಳು ನಾನೇ ಎಂದು ಹೇಳು. ನಾಲ್ಕು ಜನರ ಮುಂದೆ ಒಂದು ನಿಮಿಷ ಮುಖ ಸಣ್ಣದಾಗುತ್ತದೆ, ಅಷ್ಟೇ. ಅಷ್ಟು ಧೈರ್ಯವಿಲ್ಲದಿದ್ದರೆ ನನ್ನ ಮನೆ ಮೆಟ್ಟಿಲು ಹತ್ತಬೇಡ.

ನಿನ್ನನ್ನು ನಂಬಿ ಕೆಟ್ಟ
ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಹರಿದೆ. ಎಂಜಿನಿಯರು ಏಣಿ ಕೇಳಿದ್ದ ಕಣೇ. ಗಂಟೆ ಮಾಮ ಪಕ್ಕದ ಬೀದಿಯಲ್ಲಿ ಬಣ್ಣ ಬಳಿಯುತ್ತಿದ್ದವರ ಹತ್ತಿರ ಓಡಿ ಹೋಗಿ ಹೊತ್ತುಕೊಂಡು ಬಂದ. ಶಾಲೆ ಉಳೀತು ಅಂತ ಅವನ ಮುಖವೆಲ್ಲ ನಗು. ಮೇಲೆ ಹತ್ತಿದ್ದರೆ ತೊಲೆ ಕಲ್ಲಿನ ಹಾಗಿರುವುದು ಕಾಣುತ್ತಿತ್ತು, ಪಟ್ಟಿಗೆ ಸಹಿ ಹಾಕಿದವಳು ಸುಳ್ಳುಗಾತಿ ಎನ್ನುವುದೂ ಕಾಣುತ್ತಿತ್ತು. ಮೂವತ್ತೊಂದು ವರ್ಷ ಮಕ್ಕಳಿಗೆ ನಿಜ ಹೇಳಿ ಎಂದು ಹೇಳಿಕೊಟ್ಟವಳು ನಾನು. ನಿವೃತ್ತಿಗೆ ಇನ್ನು ಹನ್ನೊಂದೇ ತಿಂಗಳು. ಹತ್ಬೇಡಿ ಸಾರ್, ಒಳಗೆಲ್ಲಾ ಟೊಳ್ಳಾಗಿದೆ, ತಡೆಯಲ್ಲ ಅಂದುಬಿಟ್ಟೆ. ಮಾಮ ಏಣಿ ಹೊತ್ತುಕೊಂಡು ವಾಪಸು ಹೋದ. ಅವತ್ತಿನಿಂದ ಬಾಗಿಲು ತೆಗೆಯುತ್ತಾನೆ, ಗಂಟೆ ಹೊಡೆಯುತ್ತಾನೆ. ನನ್ನನ್ನು ಮೇಡಂ ಎಂದು ಕರೆದಿಲ್ಲ.