ಕರಿ ಕಿವಿಯ ಮರಿ

ಹಲಬರ್ಗಾ
೬ ಮಾರ್ಚ್ ೨೦೧೬

ನಮ್ಮ ಮಗಳು ಮಹಾನಂದಾಳ ಅಪ್ಪನವರಿಗೆ ಭೀಮಬಾಯಿಯ ನಮಸ್ಕಾರಗಳು.

ನೀವು ಹಿಂಡು ಹೊಡೆದುಕೊಂಡು ತೆಲಂಗಾಣಕ್ಕೆ ಹೋಗಿ ಮೂರು ತಿಂಗಳಾಯಿತು. ಈ ಬರದಲ್ಲಿ ಕುರಿಗಳಿಗೆ ಅಲ್ಲಿ ಮೇವು, ನೀರು ಸಿಕ್ಕಿದ್ದೇ ದೊಡ್ಡದು.

ನಾನು ಚೆನ್ನಾಗಿದ್ದೇನೆ. ಹದಿನೈದು ದಿನದ ಹಿಂದೆ ಬೀದರಿಗೆ ಹೋಗಿ ತೋರಿಸಿಕೊಂಡು ಬಂದೆ. ಎದೆಯ ಕ್ಯಾನ್ಸರ್ ಗಂಟನ್ನು ಸಣ್ಣದಿದ್ದಾಗಲೇ ತೆಗೆಸಿದ್ದು ಒಳ್ಳೆಯದಾಯಿತೆಂದು ಡಾಕ್ಟರ್ ಬಾಯಿಯವರು ಖುಷಿಪಟ್ಟರು. "ಈ ಗುಳಿಗಿ ಐದು ವರ್ಷ ತಗೋಬೇಕ್ರಿ. ಅದರಿಂದ ಎಲುಬು ಸವಿತಾವ. ಕ್ಯಾಲ್ಸಿಯಂ ತಪ್ಪಿಸಬ್ಯಾಡ್ರಿ, ದಿನಾ ಅರ್ಧ ತಾಸು ನಡೀರಿ" ಎಂದರು. ನನಗೆ ನಗು ಬಂತು. ಹುಟ್ಟಿದಾಗಿನಿಂದ ಕುರಿಗಳ ಹಿಂದೆ ನಡೆದವಳಿಗೆ ಇದೂ ಒಂದು ಔಷಧವೇ!

ಆದರೆ ಕುರಿಗಳೆಲ್ಲ ನಿಮ್ಮ ಜೊತೆ ಇವೆ. ಮೊದಲ ದಿನ ಬರಿಗೈಯಲ್ಲಿ ಹೊರಟಾಗ ಪಕ್ಕದ ಮನೆಯ ಲಲಿತಾಬಾಯಿ, "ಎಲ್ಲಿಗಿ ಹೊಂಟೀ ಭೀಮಕ್ಕ?" ಎಂದು ಕೇಳಿದಳು. ಸುಮ್ಮನೆ ನಡೆಯುತ್ತಿದ್ದೇನೆ ಎನ್ನಲು ನಾಚಿಕೆಯಾಗಿ, "ಹಿಂಡು ಹೋಗೂವಾಗ ಒಂದು ಮರಿ ಹಿಂದ ಉಳದು ಕಳದದ, ಕರಿ ಕಿವಿದು" ಎಂದುಬಿಟ್ಟೆ. ಈಗ ಊರಿಗೆ ಊರೇ ಅದನ್ನು ಹುಡುಕುತ್ತಿದೆ. ಈ ಪತ್ರ ತರುತ್ತಿರುವ ಬಕ್ಕಪ್ಪ ಮಾವನಂತೂ ಬಸ್ಸು ಹತ್ತಿ ಜನವಾಡದ ತನಕ ಹೋಗಿ ವಿಚಾರಿಸಿ ಬಂದಿದ್ದಾರೆ. ಅವರಿಗೆ ನಿಜ ಹೇಳಬೇಡಿ, ಹೊಟ್ಟೆ ತುಂಬ ಊಟ ಹಾಕಿ ಕಳಿಸಿ.

ಮಳೆ ಬಿದ್ದು ನೀವು ಊರಿಗೆ ಬರುವಾಗ ಕರಿ ಕಿವಿಯ ಒಂದು ಮರಿ ತನ್ನಿ. ನಿಮ್ಮ ಹಿಂಡಿನಲ್ಲೇ ಸೇರಿಕೊಂಡಿತ್ತೆಂದು ಹೇಳೋಣ. ಆಮೇಲೆ ಅದರ ಹಿಂದೆಯೇ ನಡೆಯುತ್ತೇನೆ. ನಾನಿನ್ನೂ ಐದು ವರ್ಷ ನಡೆಯಬೇಕು. ಅಷ್ಟು ವರ್ಷ ಒಂದೇ ಮರಿಯನ್ನು ಹುಡುಕುತ್ತಿದ್ದರೆ ಯಾರೂ ನಂಬುವುದಿಲ್ಲ.

ನಿಮ್ಮ ದಾರಿ ನೋಡುತ್ತ,
ಭೀಮಬಾಯಿ