ಕ್ಲಚ್ ಹಿಡಿಯಲಾಗದ ಕೈ

ಅಣ್ಣನಿಗೆ,

ನನ್ನ ಎಡಗೈಯ ಕೊನೆಯ ಎರಡು ಬೆರಳುಗಳಿಗೆ ಸ್ಪರ್ಶವೇ ಇಲ್ಲ. ನಿನ್ನೆ ಸಂಜೆ ನರರೋಗದ ವೈದ್ಯರು ಸೂಜಿ ಚುಚ್ಚಿ ನೋಡಿ ಹೇಳಿದರು. ದಿನವಿಡೀ ಹ್ಯಾಂಡಲ್ ಮೇಲೆ ಭಾರ ಬಿಟ್ಟು ಅಂಗೈಯ ನರ ನಲುಗಿದೆಯಂತೆ. ಆರು ವಾರ ಬೈಕ್ ಮುಟ್ಟದಿದ್ದರೆ ಸರಿಹೋಗಬಹುದು, ಓಡಿಸಿದರೆ ಇಲ್ಲ.

ಮನೆಯಲ್ಲೇ ಹೇಳಬಹುದಿತ್ತು. ಆದರೆ ಕೈಯ ಮಾತೆತ್ತಿದರೆ ನೀನು ಟೀವಿ ಶಬ್ದ ಜೋರು ಮಾಡುತ್ತೀಯ. ಅದಕ್ಕೇ ಈ ಪತ್ರವನ್ನು ನಮ್ಮ ಕೊರಿಯರ್ ಆಫೀಸಿನಲ್ಲಿ ನಿನ್ನ ಮೇಜಿನ ಮೇಲಿಡುತ್ತಿದ್ದೇನೆ.

ಮೂರು ವಾರದಿಂದ ನನ್ನ ಹೆಲ್ಮೆಟ್ ಪಟ್ಟಿ ಹಾಕುತ್ತಿರುವುದು ಅತ್ತಿಗೆ. "ಮದುಮಗನಿಗೂ ಇಷ್ಟು ಸಿಂಗಾರ ಮಾಡಲ್ಲಪ್ಪ" ಎಂದು ನಗುತ್ತಾರೆ. ಅವರನ್ನು ಬೈಯಬೇಡ.

ನಾವು ಸವಾರರೆಲ್ಲ ತಿಂಗಳಿಗೊಮ್ಮೆ ತಪಾಸಣೆಯಲ್ಲಿ ನಿನ್ನೆದುರು ಕ್ಲಚ್ ಒತ್ತಿ, ಅರವತ್ತು ಎಣಿಸುವವರೆಗೆ ಬಿಡದೆ ಹಿಡಿದು ತೋರಿಸಬೇಕು, ಆಮೇಲೆ ಕೈ ಸರಿಯಿದೆಯೆಂದು ನೀನು ಸಹಿ ಹಾಕಬೇಕು. ಹೋದ ತಿಂಗಳು ನೀನು, "ತಮ್ಮನ ಕೈ ನಂಗೊತ್ತಿಲ್ವಾ, ಹೋಗೋ" ಎಂದು ನೋಡದೆ ಸಹಿ ಹಾಕಿದೆ. ಈಗ ರಜೆ ಕೇಳಿದರೆ ಆ ಸಹಿ ಸುಳ್ಳಾಗಿ ನಿನ್ನ ಕೆಲಸಕ್ಕೇ ಕುತ್ತು. ಸುಮ್ಮನಿದ್ದರೆ ನನ್ನ ಕೈ ಹೋಗುತ್ತದೆ. ಮೊನ್ನೆ ಸಿಗ್ನಲ್‌ನಲ್ಲಿ ಕ್ಲಚ್ ಜಾರಿ ಬೈಕ್ ಮುಂದಕ್ಕೆ ನೆಗೆದಾಗ, ರಸ್ತೆ ದಾಟುತ್ತಿದ್ದ ಅಜ್ಜಿಯೊಬ್ಬರು "ಕಣ್ಣಿಲ್ವೇನೋ ನಿಂಗೆ?" ಎಂದು ಗದರಿದರು. ಅವರಿಗೆ ತಾಗಲು ಒಂದು ಗೇಣು ಬಾಕಿಯಿತ್ತು.

ಈ ಸಲ ಎಲ್ಲರ ಎದುರೇ ಪರೀಕ್ಷೆ ಮಾಡು. ಹತ್ತು ಎಣಿಸುವಷ್ಟರಲ್ಲಿ ನನ್ನ ಕೈಯಿಂದ ಕ್ಲಚ್ ಜಾರುತ್ತದೆ. ಆಗ ನೀನು ಬೇರೆ ಕಡೆ ನೋಡಬೇಡ. ಹೋದ ತಿಂಗಳ ಸಹಿಯ ಬಗ್ಗೆ ಯಾರಾದರೂ ಕೇಳಿದರೆ, ಕೈಯ ತೊಂದರೆ ಮುಚ್ಚಿಟ್ಟವನು ನಾನೇ ಎಂದು ಬರೆದುಕೊಡುತ್ತೇನೆ.

ತಪಾಸಣೆ ನಾಳೆ ಬೆಳಗ್ಗೆ ಒಂಬತ್ತಕ್ಕೆ. ನನ್ನ ಸರದಿ ನಾಲ್ಕನೆಯದು.

ಇಂತಿ,
ನಿನ್ನ ತಮ್ಮ