ಎರಡು ತಿಂಗಳು ಹೆಚ್ಚಿಗೆ

ನಿನ್ನದೇ ಬಾಡಿಗೆ ಮನೆ, ಎರಡನೇ ಮಹಡಿ
ಫೆಬ್ರವರಿ ೧೦, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಪ್ರೀತಿಯ ಎಂದು ಬರೆದದ್ದು ರೂಢಿಯಿಂದ. ಅದರ ಮೇಲೆ ಆಸೆ ಇಟ್ಟುಕೊಳ್ಳಬೇಡ. ಆರೋಗ್ಯವಾಗಿದ್ದೀಯಾ? ಇದ್ದೇ ಇರುತ್ತೀಯ. ಎಲ್ಲವನ್ನೂ ಅಕ್ಕನ ತಲೆಗೆ ಕಟ್ಟಿ ಹೋದವನಿಗೆ ನಿದ್ದೆಗೇನು ಬರ? ನನಗೆ ಬೆನ್ನುನೋವು ಹಿಡಿದಿದೆ. ನೀನು ಕೇಳದಿದ್ದರೂ ಹೇಳುತ್ತಿದ್ದೇನೆ. ನಿನ್ನ ಫೋನು ಮೂರು ತಿಂಗಳಿಂದ ಸತ್ತುಬಿದ್ದಿದೆ. ಈ ವಿಳಾಸ ಕೊಟ್ಟದ್ದು ನಿನ್ನ ಗೆಳೆಯ, ಆ ಬೈಕ್ ಮೆಕ್ಯಾನಿಕ್. ಗೊತ್ತೇ ಇಲ್ಲ ಎಂದು ಮೂರು ದಿನ ಸತಾಯಿಸಿದ. ಅವನ ಮದುವೆಯ ಕೋಟು ಹೊಲಿಯಲು ನನ್ನ ಹತ್ತಿರವೇ ಇತ್ತು, ಇನ್ನೂ ತೋಳಿಲ್ಲದೆ. ನಾಲ್ಕನೇ ದಿನ ಅವನಿಗೆ ಎಲ್ಲ ನೆನಪಾಯಿತು.

ಆ ದಿನ ನಿನಗೆ ನೆನಪಿದೆಯಾ? ಅಂಗಡಿಯಲ್ಲಿ ಒಬ್ಬ ಹೆಂಗಸಿನ ಅಳತೆ ತೆಗೆಯುತ್ತಿದ್ದೆ, ಬಾಯಲ್ಲಿ ನಾಲ್ಕು ಗುಂಡುಪಿನ್ನು. ನೀನು ಮನೆಯ ಓನರನ್ನು ಕರೆತಂದು ಕಾಗದ ಮುಂದೆ ಹಿಡಿದೆ. "ಒಂದು ಸಹಿ ಅಷ್ಟೇ ಅಕ್ಕಾ, ಹೆಸರಿಗೆ ಜಾಮೀನು." ಕರಾರು ಒಂದು ವರ್ಷದ್ದು. ಜಾಮೀನು ಎಷ್ಟು ತಿಂಗಳಿಗೆ ಎಂಬ ಜಾಗ ಖಾಲಿಯಿತ್ತು. ಓನರು ಕೇಳಿದರು. ಬೆಳೆಯುವ ಮಕ್ಕಳ ಬಟ್ಟೆಗೆ ಒಳಗೆ ಎರಡಿಂಚು ಹೆಚ್ಚಿಗೆ ಬಿಟ್ಟೂ ಬಿಟ್ಟೂ ನನ್ನ ಕೈಗೆ ಮಾತ್ರವಲ್ಲ, ನಾಲಿಗೆಗೂ ಅದೇ ಅಭ್ಯಾಸ. "ಎರಡು ಹೆಚ್ಚಿಗೆ ಬರೀರಿ ಸಾರ್, ಆಮೇಲೆ ಬಿಚ್ಚಿ ಸರಿಮಾಡೋಕೆ ಜಾಗ ಇರ್ಲಿ" ಎಂದುಬಿಟ್ಟೆ. ಹದಿನಾಲ್ಕು ಎಂದು ಬರೆದರು. ಪಾಪ, ಬರೆಯುವ ಮುಂಚೆ ಒಮ್ಮೆ ನನ್ನ ಮುಖ ನೋಡಿದರು. ಒಂದು ಗುಂಡಿ ಹೊಲಿದರೂ ಎಳೆದು ನೋಡುವ ನಾನು ಆ ಕಾಗದವನ್ನು ಓದಲೇ ಇಲ್ಲ. ಅದು ನನ್ನ ದಡ್ಡತನ. ಉಳಿದದ್ದೆಲ್ಲ ನಿನ್ನದು.

ಹತ್ತು ತಿಂಗಳಾಗುತ್ತಲೇ ಬೀಗ ಹಾಕಿ ಮಾಯವಾದೆ. ಮುಂದಿನ ಸೋಮವಾರವೇ ಓನರು ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತರು. ರಿಟೈರಾದ ಡ್ರಾಯಿಂಗ್ ಮೇಷ್ಟ್ರು, ಒಂದು ಒರಟು ಮಾತಿಲ್ಲ. "ನಿಮ್ಮ ತಮ್ಮ ಇಲ್ದಿದ್ರೇನು, ನೀವಿದ್ದೀರಲ್ಲಮ್ಮ" ಎಂದು ಕಾಗದ ಬಿಡಿಸಿದರು. ಬಾಡಿಗೆ, ಕರೆಂಟು, ನೀರು, ಒಡೆದದ್ದು, ಕೆಟ್ಟದ್ದು, ಎಲ್ಲದಕ್ಕೂ ಹದಿನಾಲ್ಕು ತಿಂಗಳವರೆಗೆ, ಕರಾರಿನ ವರ್ಷ ಮುಗಿದ ಮೇಲೂ, ಜಾಮೀನುದಾರರೇ ಹೊಣೆ. ಗೋಡೆಗೂ ನಾನೇ ಹೊಣೆ. ಸ್ಪೀಕರ್ ರಿಪೇರಿ ಮಾಡುವವನಿಗೆ ಅವುಗಳನ್ನು ನೆಲದ ಮೇಲಿಟ್ಟರೆ ಕೇಳಿಸುವುದಿಲ್ಲವಾ? ಗೋಡೆಗೆ ನಲವತ್ತೊಂದು ಮೊಳೆಯ ತೂತು! ಮೇಷ್ಟ್ರು ಒಂದೊಂದರ ಸುತ್ತಲೂ ಪೆನ್ಸಿಲಿನಲ್ಲಿ ವೃತ್ತ ಬರೆದಿದ್ದರು, ಅಳಿಸಲು ಮನಸ್ಸು ಬಾರದಷ್ಟು ದುಂಡಗೆ. ಸಿಮೆಂಟು ಕಲಸಿ ನಾನೇ ತುಂಬಿದೆ. ನಿನ್ನನ್ನು ಬೈಯುತ್ತಾ ತುಂಬಿದ್ದರಿಂದ ಬೇಗ ಮುಗಿಯಿತು.

ಅಂಗಡಿಯ ಬಾಡಿಗೆ, ನಿನ್ನ ಮನೆಯ ಬಾಡಿಗೆ, ಎರಡನ್ನೂ ಮೂರು ತಿಂಗಳು ಎಳೆದೆ. ಆಮೇಲೆ ಕೈಲಾಗಲಿಲ್ಲ, ಅಂಗಡಿ ಬಿಟ್ಟೆ. ಅಪ್ಪ ಹೋದಮೇಲೆ ಹತ್ತೊಂಬತ್ತು ವರ್ಷ ನಮ್ಮಿಬ್ಬರಿಗೂ ಅನ್ನ ಹಾಕಿದ ಅಂಗಡಿ. ಅದರ ಹಿಂದಿನ ಕೋಣೆಯಲ್ಲೇ ನೀನು ಬೆಳೆದದ್ದು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ನಾನೇ ಬಾಡಿಗೆ ಕಟ್ಟುವ ಮನೆ ಖಾಲಿ ಬಿದ್ದಿರುವುದೇಕೆ ಎಂದು ಮಿಷನ್ನು ಹೊರಿಸಿಕೊಂಡು ಇಲ್ಲಿಗೇ ಬಂದೆ. ನಿನ್ನ ಸ್ಪೀಕರುಗಳ ಮೇಲೆ ಬಟ್ಟೆಯ ಗಂಟು ಇಟ್ಟಿದ್ದೇನೆ. ಗಿರಾಕಿಗಳಲ್ಲಿ ಅರ್ಧ ಜನ ಮೆಟ್ಟಿಲು ನೋಡಿಯೇ ವಾಪಸ್ಸು ಹೋಗುತ್ತಾರೆ. ನಿನಗೂ ಕಷ್ಟವಿತ್ತೇನೋ. ಹೇಳಿದ್ದರೆ ಚೆನ್ನಾಗಿ ಬೈಯುತ್ತಿದ್ದೆ, ಬೈದು ಊಟಕ್ಕೆ ಬಡಿಸುತ್ತಿದ್ದೆ. ಹೇಳದೆ ಹೋದೆಯಲ್ಲ, ಅದು ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿದೆ.

ಹಿರಿಯಳಾದ ತಪ್ಪಿಗೆ ಆಶೀರ್ವಾದ ಮಾಡಬೇಕು. ನಿನ್ನ ಕೆನ್ನೆಗೆ ಎರಡು ಬಾರಿಸುವ ದಿನದವರೆಗಾದರೂ ಚೆನ್ನಾಗಿರು.

ಇಂತು,
ನಿನ್ನ ಅಕ್ಕ, ಜಾಮೀನುದಾರಳು

ತಾ.ಕ.: ಅಂಚೆ ಹೊರಡುವ ಹೊತ್ತಾಯಿತು. ನನ್ನ ಹದಿನಾಲ್ಕು ತಿಂಗಳು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಒಂದನೇ ತಾರೀಖಿನಿಂದ ಕರಾರು ನನ್ನ ಹೆಸರಿಗೆ. "ಜಾಮೀನಿಗೆ ನಿಮ್ಮೋರು ಅಂತ ಯಾರಾದ್ರೂ ಬೇಕಮ್ಮ, ಇಲ್ದಿದ್ರೆ ಖಾಲಿ ಮಾಡ್ಬೇಕಾಗುತ್ತೆ" ಎಂದರು ಮೇಷ್ಟ್ರು. ಎಷ್ಟು ಯೋಚಿಸಿದರೂ ನಿನ್ನ ಹೊರತು ಯಾರೂ ಸಿಗಲಿಲ್ಲ. ಓಡಿಹೋದವನು ಸಾರ್, ಎಂದೆ. "ಬರ್ಲಿ, ನನ್ನ ಎದುರಿಗೇ ಸಹಿ ಹಾಕ್ಲಿ" ಎಂದರು. ಕಾಗದ ಇದರೊಳಗೇ ಇದೆ. ಸಹಿಯ ಜಾಗಕ್ಕೆ ಬಟ್ಟೆ ಗುರುತಿಸುವ ಚಾಕ್‌ಪೀಸಿನಲ್ಲಿ ಗುರುತು ಹಾಕಿದ್ದೇನೆ. ಹನ್ನೆರಡು ತಿಂಗಳು ಎಂದೇ ಬರೆಸಿದ್ದೇನೆ, ಒಂದು ದಿನವೂ ಹೆಚ್ಚಿಗೆಯಿಲ್ಲ. ಬರುವ ದಾರಿಯಲ್ಲಿ ಪೂರ್ತಿ ಓದಿಕೊಂಡು ಬಾ.